ಆದೇಶದಲ್ಲಿದ್ದ ಪದ ಯಾವುದು?

ಪೊಲೀಸರು ಪತ್ರಿಕೆಗಳಿಗೆ ಕೊಡುವ ಅಪರಾಧ ವರದಿಯಲ್ಲಿ ಕಳವು, ಕನ್ನ ಕಳವು, ಸುಲಿಗೆ, ಡಕಾಯಿತಿ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಮಾರನೆಯ ಬೆಳಿಗ್ಗೆ ಓದುಗರ ಕೈ ಸೇರುವಷ್ಟರಲ್ಲಿ ನಾಲ್ಕೂ ‘ದರೋಡೆ’ ಆಗಿರುತ್ತವೆ. ಮೂರಕ್ಷರದ ಪದ, ತಲೆಬರಹದಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಆ ನಾಲ್ಕು ಸಾಲುಗಳ ಹಿಂದೆ ಥೆಫ್ಟ್, ಹೌಸ್ ಬ್ರೇಕಿಂಗ್, ರಾಬರಿ, ಡಕಾಯಿಟಿ ಎಂಬ ನಾಲ್ಕು ಇಂಗ್ಲಿಷ್ ಪದಗಳಿವೆ. ಒಂದೊಂದಕ್ಕೂ ಪ್ರತ್ಯೇಕ ಸೆಕ್ಷನ್ನು, ಪ್ರತ್ಯೇಕ ಶಿಕ್ಷೆ. ಸಿಕ್ಕಿಬಿದ್ದವನು ಮೂರು ವರ್ಷ ಒಳಗಿರಬೇಕೋ ಜೀವನಪೂರ್ತಿ ಇರಬೇಕೋ ಅನ್ನುವುದು ಅದರಲ್ಲಿ ಯಾವ ಪದ ಅವನ ಹೆಸರಿನ ಮುಂದೆ ಬಿತ್ತು ಅನ್ನುವುದರ ಮೇಲೆ ನಿಂತಿದೆ.

ನಾನು ವೃತ್ತಿಯ ಬಹುಪಾಲನ್ನು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ, ಕೋರ್ಟಿನ ಇಂಗ್ಲಿಷ್ ಆದೇಶಗಳನ್ನೂ ಏಜೆನ್ಸಿ ಸುದ್ದಿಗಳನ್ನೂ ಕನ್ನಡಕ್ಕೆ ತರುತ್ತಾ ಕಳೆದವಳು. ಈಗ ಪತ್ರಿಕೋದ್ಯಮದ ಹುಡುಗ ಹುಡುಗಿಯರಿಗೆ ಅದನ್ನೇ ಕಲಿಸುತ್ತೇನೆ. ಮೊದಲ ತರಗತಿಯಲ್ಲೇ ಅವರಿಗೆ ಹೇಳುವುದಿದು: ವಕೀಲರು ಬಾಯಲ್ಲಿ ಏನೇ ಹೇಳಲಿ, ಟಿವಿಯ ಪಟ್ಟಿಯಲ್ಲಿ ಏನೇ ಓಡಲಿ, ಆದೇಶದ ಪ್ರತಿ ತರಿಸಿಕೊಂಡು ಅದರಲ್ಲಿ ಯಾವ ಪದ ಇದೆ ಎಂದು ಕಣ್ಣಾರೆ ನೋಡಿ. ನಿಘಂಟಿನಲ್ಲಿ ಪಕ್ಕಪಕ್ಕದಲ್ಲಿ ಸಮಾನಾರ್ಥಕ ಅಂತ ಕೂತಿರುವ ಪದಗಳು ಕೋರ್ಟಿನೊಳಗೆ ಸಮಾನವಲ್ಲ.

ಕಳವಿನಿಂದಲೇ ಶುರು ಮಾಡೋಣ. ಮನೆ ಮುಂದೆ ನಿಲ್ಲಿಸಿದ್ದ ಬೈಕು ರಾತ್ರಿ ಮಾಯವಾದರೆ ಅದು ಥೆಫ್ಟ್, ಬರೀ ಕಳವು. ಗರಿಷ್ಠ 3 ವರ್ಷ. ಬೀಗ ಮುರಿದು ಒಳನುಗ್ಗಿ ಒಡವೆ ಒಯ್ದರೆ ಕನ್ನ ಕಳವು. ಇದರಲ್ಲಿ ‘ಹಗಲು ಕನ್ನ’, ‘ರಾತ್ರಿ ಕನ್ನ’ ಎಂದು ಪೊಲೀಸರು ಬೇರೆ ಬರೆಯುವುದು ಸುಮ್ಮನೆ ಅಲ್ಲ. ಹಗಲಾದರೆ 10 ವರ್ಷದವರೆಗೆ, ಸೂರ್ಯ ಮುಳುಗಿ ಹುಟ್ಟುವ ನಡುವೆ ಆದರೆ 14 ವರ್ಷದವರೆಗೆ ಶಿಕ್ಷೆ. ಮನೆಯವರು ಮಲಗಿರುವಾಗ ನುಗ್ಗುವವನಿಂದ ಜೀವಕ್ಕೂ ಅಪಾಯ ಎನ್ನುವುದು ಅದರ ಹಿಂದಿನ ಲೆಕ್ಕ. ಇಂಗ್ಲಿಷ್ ಮಾತಾಡುವವರು ಊರಿಂದ ಬಂದು ಬೀಗ ಒಡೆದಿರುವುದನ್ನು ಕಂಡು ‘ವಿ ವರ್ ರಾಬ್ಡ್’ ಅಂದುಬಿಡುತ್ತಾರೆ. ಕಾನೂನಿನ ಪ್ರಕಾರ ಅಲ್ಲಿ ರಾಬರಿ ಆಗಿಲ್ಲ, ಯಾಕೆಂದರೆ ರಾಬರಿಗೆ ಎದುರಿಗೆ ಒಬ್ಬ ಮನುಷ್ಯ ಬೇಕು. ಕಸಿಯುವಾಗಲೋ, ಕಸಿದದ್ದನ್ನು ಹೊತ್ತೊಯ್ಯುವಾಗಲೋ ಅವನಿಗೆ ಹೊಡೆದಿರಬೇಕು, ಅಡ್ಡಗಟ್ಟಿರಬೇಕು, ಇಲ್ಲವೇ ಆ ಕ್ಷಣಕ್ಕೇ ಏನಾದರೂ ಮಾಡುತ್ತೇನೆಂದು ಹೆದರಿಸಿರಬೇಕು. ಆಗ ಕಳವು ಸುಲಿಗೆಯಾಗುತ್ತದೆ, ಶಿಕ್ಷೆ 10 ವರ್ಷಕ್ಕೆ ಏರುತ್ತದೆ. ಅದೇ ಕೃತ್ಯ ರಾತ್ರಿ ಹೆದ್ದಾರಿಯಲ್ಲಿ ನಡೆದರೆ 14.

‘ಆ ಕ್ಷಣಕ್ಕೇ’ ಅನ್ನುವ ಮಾತೇ ರಾಬರಿಯನ್ನು ಎಕ್ಸ್‌ಟಾರ್ಷನ್‌ನಿಂದ ಬೇರೆ ಮಾಡುವುದು. ಕಾನೂನಿನ ಪುಸ್ತಕದಲ್ಲೇ ಇದಕ್ಕೊಂದು ಉದಾಹರಣೆ ಕೊಟ್ಟಿದ್ದಾರೆ. ನಿನ್ನ ಮಗು ನಮ್ಮವರ ಕೈಯಲ್ಲಿದೆ, ಹತ್ತು ಸಾವಿರ ಕಳಿಸದಿದ್ದರೆ ಕೊಲ್ಲುತ್ತೇವೆ ಎಂದು ಹೆದರಿಸಿ ಹಣ ಪಡೆದರೆ ಅದು ಎಕ್ಸ್‌ಟಾರ್ಷನ್. ಮಗುವಿಗೆ ಈಗಿಂದೀಗಲೇ ಸಾವು ಬರುತ್ತದೆ ಎಂಬ ಭಯ ಹುಟ್ಟಿಸಿರದಿದ್ದರೆ ಅದು ರಾಬರಿ ಅಲ್ಲ. ನಮ್ಮ ಸುದ್ದಿಗಳಲ್ಲಿ ಎರಡಕ್ಕೂ ‘ಸುಲಿಗೆ’ ಎಂದೇ ಬರೆಯುತ್ತೇವೆ. ಫೋನಿನಲ್ಲಿ ಬೆದರಿಸಿ ದುಡ್ಡು ಕೀಳುವುದಕ್ಕೆ ನಾನು ‘ಬೆದರಿಸಿ ವಸೂಲಿ’ ಎಂದು ಬರೆಸುತ್ತಿದ್ದೆ. ಅಕ್ಷರ ಜಾಸ್ತಿಯಾದರೂ ಅರ್ಥ ಕೆಡುವುದಿಲ್ಲ.

ಡಕಾಯಿಟಿಯಂತೂ ನಮ್ಮಲ್ಲಿಂದಲೇ ಇಂಗ್ಲಿಷಿಗೆ ಹೋದ ಪದ. ಅದರ ಗುಟ್ಟು ತಲೆ ಎಣಿಕೆಯಲ್ಲಿದೆ. ನಾಲ್ಕು ಜನ ಸೇರಿ ದೋಚಿದರೆ ರಾಬರಿ, ಐದು ಜನರಾದರೆ ಡಕಾಯಿಟಿ, ಜೀವಾವಧಿವರೆಗೂ ಶಿಕ್ಷೆ. ಇನ್ನೊಂದು ವಿಶೇಷವೆಂದರೆ, ದೋಚುವ ಮೊದಲೇ, ತಯಾರಿ ಮಾಡಿಕೊಂಡದ್ದೂ ಅಪರಾಧ, ಆ ಉದ್ದೇಶಕ್ಕೆ ಒಂದೆಡೆ ಸೇರಿದ್ದೂ ಅಪರಾಧ. ‘ದರೋಡೆಗೆ ಹೊಂಚು: ಐವರ ಬಂಧನ’ ಎಂಬ ಸುದ್ದಿ ನೀವು ಎಷ್ಟು ಸಲ ಓದಿರುತ್ತೀರಿ! ಆ ಐದು ಎಂಬ ಅಂಕಿ ಮೇಲಿಂದ ಮೇಲೆ ಬರುವುದಕ್ಕೆ ಕಾರಣ ಈ ಸೆಕ್ಷನ್ನು. ನಾಲ್ವರೇ ಇದ್ದರೆ ಆ ಕೇಸು ನಿಲ್ಲುವುದಿಲ್ಲ. ಇಂಥ ಸುದ್ದಿ ಬಂದಾಗ ವರದಿಗಾರರು ಐದನೆಯವನು ಯಾರು, ಎಲ್ಲಿ ಸಿಕ್ಕ ಎಂದು ಕೇಳಲೇಬೇಕು ಅಂತ ನನ್ನ ಒತ್ತಾಯ.

ಹಣ, ಒಡವೆಯ ಮಾತು ಹೀಗಾಯಿತು. ಜೀವದ ವಿಷಯಕ್ಕೆ ಬಂದಾಗ ಪದಗಳ ಅಂತರ ಇನ್ನೂ ಸೂಕ್ಷ್ಮ.

ಮಂಡ್ಯ ಕಡೆಯ ಹಳ್ಳಿಯಿಂದ ವಯಸ್ಸಾದವರೊಬ್ಬರು ಒಮ್ಮೆ ನಮ್ಮ ಕಚೇರಿಗೆ ಬಂದಿದ್ದರು. ಕೈಯಲ್ಲಿ ಬೇರೊಂದು ಪತ್ರಿಕೆಯ ತುಣುಕು, ಮಡಿಸಿ ಮಡಿಸಿ ಗೆರೆಯ ಜಾಗದಲ್ಲಿ ಹರಿದಿತ್ತು. ‘ಕೊಲೆ ಅಪರಾಧಿಗೆ ಜಾಮೀನು’ ಎಂದು ತಲೆಬರಹ. ಗದ್ದೆ ಬದುವಿನ ವಿಚಾರಕ್ಕೆ ಜಗಳವಾಗಿ, ಇವರ ಮಗ ಕೈಯಲ್ಲಿದ್ದ ಗುದ್ದಲಿ ಬೀಸಿ, ಪಕ್ಕದ ಗದ್ದೆಯವರು ತೀರಿಕೊಂಡಿದ್ದರು. “ನೋಡವ್ವಾ, ಕೋರ್ಟಲ್ಲಿ ಇನ್ನೂ ಸಾಕ್ಷಿನೇ ಸುರುವಾಗಿಲ್ಲ. ಇದ್ರಲ್ಲಿ ನೋಡುದ್ರೆ ಅಪರಾಧಿ ಅಂತ ಆಗೋಗದೆ. ಮಗಳಿಗೆ ಗಂಡು ಗೊತ್ತಾಗಿತ್ತು, ಅವರು ಈ ಪೇಪರ್ ತೋರ್ಸಿ ಬ್ಯಾಡ ಅಂದ್ಬುಟ್ರು” ಅಂದರು. ಮಗ ಮಾಡಿಲ್ಲ ಅಂತ ಅವರು ಒಂದು ಸಲವೂ ಹೇಳಲಿಲ್ಲ. ಕೋರ್ಟು ಹೇಳುವ ಮೊದಲು ಪೇಪರು ಹೇಳಿತಲ್ಲ ಅನ್ನುವುದಷ್ಟೇ ಅವರ ಸಂಕಟ. ಅಕ್ಯೂಸ್ಡ್ ಎಂದರೆ ಆರೋಪಿ, ಕನ್ವಿಕ್ಟ್ ಎಂದರೆ ಅಪರಾಧಿ. ನಡುವೆ ಒಂದು ಇಡೀ ವಿಚಾರಣೆ ಇದೆ, ಬಡವರ ಪಾಲಿಗೆ ಅದು ಎಷ್ಟೋ ವರ್ಷಗಳದ್ದು. ಆರೋಪಿ ಅನ್ನುವುದಕ್ಕೂ ಮೊದಲು ಸಸ್ಪೆಕ್ಟ್, ಶಂಕಿತ ಎನ್ನುವ ಹಂತವಿದೆ. ಅವನ ಮೇಲೆ ಇನ್ನೂ ಅನುಮಾನ ಮಾತ್ರ.

ಆ ಪ್ರಕರಣ ಕೊನೆಗೆ ಮುಗಿದಾಗ ಸೆಷನ್ಸ್ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಆದರೆ ಮರ್ಡರಿಗಲ್ಲ. ‘ಕಲ್ಪಬಲ್ ಹೋಮಿಸೈಡ್ ನಾಟ್ ಅಮೌಂಟಿಂಗ್ ಟು ಮರ್ಡರ್’ ಎಂದು ಆದೇಶದಲ್ಲಿತ್ತು. ಕನ್ನಡದಲ್ಲಿ ಇದನ್ನು ‘ಉದ್ದೇಶಪೂರ್ವಕವಲ್ಲದ ಕೊಲೆ’ ಎಂದು ಬರೆಯುವ ರೂಢಿ ಬಿದ್ದಿದೆ. ಇದು ಎರಡು ಕಡೆ ತಪ್ಪು. ಕಾನೂನು ಅದನ್ನು ಕೊಲೆ ಅಲ್ಲ ಎಂದೇ ಹೇಳುತ್ತಿರುವಾಗ ನಾವು ಕೊಲೆ ಎನ್ನುತ್ತೇವೆ. ಉದ್ದೇಶ ಇದ್ದೂ ಅದು ಕೊಲೆಯಲ್ಲದ ಸಂದರ್ಭಗಳಿವೆ, ನಾವು ಉದ್ದೇಶವೇ ಇರಲಿಲ್ಲ ಎನ್ನುತ್ತೇವೆ. ‘ಕೊಲೆಯಲ್ಲದ ಮಾನವ ಹತ್ಯೆ’ ಎಂದು ಬರೆಯುವುದು ಹೆಚ್ಚು ಸರಿ.

ಈ ವ್ಯತ್ಯಾಸವನ್ನು ಅರ್ಥ ಮಾಡಿಸಲು ಕಾನೂನು ಕಾಲೇಜುಗಳಲ್ಲಿ ಇಂದಿಗೂ ಓದಿಸುವುದು 1876ರ ಬಾಂಬೆ ಹೈಕೋರ್ಟಿನ ಗೋವಿಂದ ಪ್ರಕರಣ. ಗೋವಿಂದನಿಗೆ 18 ವರ್ಷ, ಹೆಂಡತಿಗೆ 15. ಜಗಳದಲ್ಲಿ ಅವಳನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಮುಖಕ್ಕೆ ಎರಡು ಮೂರು ಬಾರಿ ಮುಷ್ಟಿಯಿಂದ ಗುದ್ದಿದ. ತಲೆಬುರುಡೆ ಒಡೆದಿರಲಿಲ್ಲ, ಆದರೆ ಮೆದುಳಿನ ಮೇಲೆ ರಕ್ತ ಸುರಿದು ಹುಡುಗಿ ಸತ್ತಳು. ಇಬ್ಬರು ನ್ಯಾಯಮೂರ್ತಿಗಳ ನಡುವೆ ಒಮ್ಮತ ಬರದೆ ವಿಷಯ ಮೂರನೆಯವರಾದ ಮೆಲ್ವಿಲ್ ಅವರ ಮುಂದೆ ಹೋಯಿತು. ಅವರು ಕಾನೂನಿನ ಎರಡು ಸೆಕ್ಷನ್ನುಗಳನ್ನು ಅಕ್ಕಪಕ್ಕ ಇಟ್ಟು, ಒಂದೊಂದು ಸಾಲಿನ ಎದುರು ಇನ್ನೊಂದನ್ನು ಹೊಂದಿಸಿ ಓದಿದರು. ಒಂದು ಕಡೆ ‘ಲೈಕ್ಲಿ’ ಎಂಬ ಪದ: ಸಾವು ತರಬಹುದಾದ ಗಾಯ. ಇನ್ನೊಂದು ಕಡೆ ‘ಸಫಿಶಿಯಂಟ್’: ಸಹಜ ಕ್ರಮದಲ್ಲೇ ಸಾವು ತರಲು ಸಾಕಾಗುವ ಗಾಯ. ಮೊದಲನೆಯದರಲ್ಲಿ ಸಾವು ಬರುವ ಸಂಭವವಿದೆ. ಎರಡನೆಯದರಲ್ಲಿ ಬದುಕಿ ಉಳಿದರೆ ಅದೇ ಆಶ್ಚರ್ಯ. ಮುಷ್ಟಿಯ ಗುದ್ದು ಮೊದಲನೆಯದಕ್ಕೆ ಸೇರುತ್ತದೆ ಎಂದು ಮೆಲ್ವಿಲ್ ತೀರ್ಮಾನಿಸಿದರು. ಗೋವಿಂದನಿಗೆ ಏಳು ವರ್ಷದ ಗಡಿಪಾರು ಶಿಕ್ಷೆಯಾಯಿತು. ನನಗೆ ಈ ತೀರ್ಪು ಓದುವಾಗೆಲ್ಲ ಹದಿನೈದರ ಆ ಹುಡುಗಿಗಾಗಿ ಹೊಟ್ಟೆ ಉರಿಯುತ್ತದೆ. ಆದರೂ ಪದ ಇಟ್ಟ ಜಾಗದ ಬಗ್ಗೆ ತಕರಾರಿಲ್ಲ.

ಇದಕ್ಕೆ ಎದುರಾಗಿ ಇಡಬೇಕಾದದ್ದು 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪಂಜಾಬಿನ ವಿರ್ಸಾ ಸಿಂಗ್ ಪ್ರಕರಣ. ಭರ್ಜಿಯ ಒಂದೇ ಒಂದು ತಿವಿತ, ಹೊಟ್ಟೆಗೆ. ಗಾಯಗೊಂಡವನು ಮಾರನೆಯ ದಿನ ಸತ್ತ. ಸಾಯಿಸುವ ಇರಾದೆ ಇರಲಿಲ್ಲ ಎಂದು ವಾದ. ನ್ಯಾಯಮೂರ್ತಿ ವಿವಿಯನ್ ಬೋಸ್ ಅದನ್ನು ಒಪ್ಪಲಿಲ್ಲ. ಸಾಯಿಸುವ ಉದ್ದೇಶವಿತ್ತೇ ಎಂದು ಕೇಳಬೇಕಿಲ್ಲ, ಈ ಗಾಯವನ್ನೇ ಮಾಡುವ ಉದ್ದೇಶವಿತ್ತೇ ಎಂದು ಕೇಳಿ. ಇತ್ತು ಎಂದಾದರೆ, ಆ ಗಾಯ ಸಾವಿಗೆ ಸಾಕಾಗುವಂಥದ್ದೇ ಎಂಬುದನ್ನು ವೈದ್ಯರ ಸಾಕ್ಷ್ಯದಿಂದ ನೋಡಿ. ಅದೂ ಹೌದಾದರೆ ಮರ್ಡರ್. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರನ್ನು ವಕೀಲರು ‘ಲೈಕ್ಲಿಯೋ ಸಫಿಶಿಯಂಟೋ’ ಎಂದು ಗಂಟೆಗಟ್ಟಲೆ ಪಾಟೀಸವಾಲು ಮಾಡುವುದನ್ನು ಕೋರ್ಟಿಗೆ ಹೋದವರು ಕೇಳಿರುತ್ತಾರೆ. ಒಂದು ಪದಕ್ಕೆ ನೇಣೂ ಇದೆ, ಇನ್ನೊಂದಕ್ಕೆ ಇಲ್ಲ.

ಇನ್ನು ಉದ್ದೇಶವಿದ್ದೂ ಮರ್ಡರ್ ಆಗದ ಸಂದರ್ಭ. ಕಾನೂನಿನಲ್ಲಿ ಐದು ವಿನಾಯಿತಿಗಳಿವೆ, ತೀವ್ರವೂ ಹಠಾತ್ತೂ ಆದ ಪ್ರಚೋದನೆ ಅದರಲ್ಲಿ ಒಂದು. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ ಈ ವಿನಾಯಿತಿಗಾಗಿಯೇ ಸುಪ್ರೀಂ ಕೋರ್ಟಿನವರೆಗೆ ಹೋದವರು. ಅವರು ಕೆಲಸ ಮಾಡುತ್ತಿದ್ದ ಹಡಗಿನ ಹೆಸರು ಐಎನ್‌ಎಸ್ ಮೈಸೂರು. 1959ರ ಏಪ್ರಿಲ್ 27ರಂದು ಮುಂಬೈಯ ಮನೆಯಲ್ಲಿ ಹೆಂಡತಿ ತನಗೆ ಇನ್ನೊಬ್ಬನೊಡನೆ ಸಂಬಂಧವಿದೆ ಎಂದು ಹೇಳಿದಳು. ನಾನಾವತಿ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟರು, ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರು, ಆರು ಗುಂಡು ಪಡೆದರು, ಆ ಮನುಷ್ಯನ ಕಚೇರಿಗೆ ಹೋದರು, ಅಲ್ಲಿ ಸಿಗದಾಗ ಮನೆಗೆ ಹೋಗಿ ಗುಂಡಿಕ್ಕಿದರು. ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಎಂದಿತು. ಹೈಕೋರ್ಟು ಅದನ್ನು ತಳ್ಳಿಹಾಕಿತು. 1961ರಲ್ಲಿ ಸುಪ್ರೀಂ ಕೋರ್ಟು ಗಡಿಯಾರ ನೋಡಿ ಮಾತಾಡಿತು: ಮಾತು ಕಿವಿಗೆ ಬಿದ್ದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ. ಅಷ್ಟು ಹೊತ್ತಿನಲ್ಲಿ ಸಿಟ್ಟು ಇಳಿದು ವಿವೇಕ ಬರಬಹುದಿತ್ತು, ಹಾಗಾಗಿ ‘ಹಠಾತ್’ ಎನ್ನಲಾಗದು. ಮರ್ಡರ್, ಜೀವಾವಧಿ. 1964ರಲ್ಲಿ ರಾಜ್ಯಪಾಲರು ಕ್ಷಮಾದಾನ ನೀಡಿದ್ದರಿಂದ ಅವರು ಹೊರಬಂದರು. ಪಾರ್ಡನ್ ಸಿಕ್ಕಿತೇ ಹೊರತು ಅಕ್ವಿಟಲ್ ಆಗಲಿಲ್ಲ ಎಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ.

ಬದುವಿನ ಜಗಳದ ಹುಡುಗನಿಗೆ ಗಡಿಯಾರ ಅನುಕೂಲವಾಗಿತ್ತು. ಮಾತಿಗೆ ಮಾತು ಬೆಳೆದು ಆ ಜಾಗದಲ್ಲೇ, ಆ ಹೊತ್ತಿನಲ್ಲೇ, ಗದ್ದೆ ಕೆಲಸಕ್ಕೆ ತಂದಿದ್ದ ಗುದ್ದಲಿಯಿಂದಲೇ ಏಟು ಬಿದ್ದಿತ್ತು. ಮನೆಗೆ ಹೋಗಿ ಮಚ್ಚು ತಂದು ಹೊಡೆದಿದ್ದರೆ ಪದವೇ ಬದಲಾಗುತ್ತಿತ್ತು.

ಶಿಕ್ಷೆಯ ಕಡೆಗೆ ಬಂದರೆ ಕನ್ವಿಕ್ಷನ್, ಸೆಂಟೆನ್ಸ್ ಎಂಬ ಜೋಡಿ. ದೋಷಿ ಎಂದು ತೀರ್ಮಾನಿಸುವುದು ಒಂದು, ಶಿಕ್ಷೆಯ ಪ್ರಮಾಣ ಹೇಳುವುದು ಇನ್ನೊಂದು. ‘ಶಿಕ್ಷೆಗೆ ತಡೆ’ ಎಂದು ನಾವು ಎರಡಕ್ಕೂ ಬರೆದುಬಿಡುತ್ತೇವೆ. 2019ರ ಏಪ್ರಿಲ್‌ನಲ್ಲಿ ನಮ್ಮ ಕೋಲಾರದಲ್ಲಿ ಮಾಡಿದ ಭಾಷಣಕ್ಕಾಗಿ ರಾಹುಲ್ ಗಾಂಧಿ ಅವರಿಗೆ 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ಎರಡು ವರ್ಷ ಶಿಕ್ಷೆ ವಿಧಿಸಿತು. ಸೆಂಟೆನ್ಸ್ ಅಮಾನತಾಯಿತು, ಅವರು ಜೈಲಿಗೆ ಹೋಗಲಿಲ್ಲ. ಆದರೂ ಸಂಸದ ಸ್ಥಾನ ಹೋಯಿತು. ಸ್ಥಾನ ಕಳೆಯುವುದು ಜೈಲುವಾಸವಲ್ಲ, ಕನ್ವಿಕ್ಷನ್. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಕನ್ವಿಕ್ಷನ್ನಿಗೇ ತಡೆ ಕೊಟ್ಟಿತು, 7ರಂದು ಸದಸ್ಯತ್ವ ಮರಳಿತು. ಜೈಲಿಗೇ ಹೋಗದವರ ಸ್ಥಾನ ಹೋದದ್ದು ಹೇಗೆ ಎಂದು ಆಗ ಎಷ್ಟೋ ಓದುಗರು ಫೋನ್ ಮಾಡಿ ಕೇಳುತ್ತಿದ್ದರು. ತಲೆಬರಹಗಳಲ್ಲಿ ಆ ಎರಡು ಪದಗಳನ್ನು ಬೇರೆ ಇಟ್ಟಿದ್ದರೆ ಕೇಳಬೇಕಾಗುತ್ತಿರಲಿಲ್ಲ.

‘ಖುಲಾಸೆ’ಯನ್ನೂ ಹೀಗೆಯೇ ದುಡಿಸಿಕೊಳ್ಳುತ್ತೇವೆ. ಡಿಸ್ಚಾರ್ಜ್ ಎಂದರೆ ವಿಚಾರಣೆ ಆರಂಭಿಸಲು ಬೇಕಾದಷ್ಟು ಆಧಾರವೇ ಇಲ್ಲ ಎಂದು ಬಾಗಿಲಲ್ಲೇ ಕಳಿಸುವುದು. ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಕರೆಯಬಹುದು. ಅಕ್ವಿಟಲ್ ಎಂದರೆ ಸಾಕ್ಷಿ, ವಾದ ಎಲ್ಲ ಮುಗಿದ ಮೇಲೆ ಬಿಡುಗಡೆ. ಅದು ಮೇಲ್ಮನವಿಯಲ್ಲಿ ಬೀಳದಿದ್ದರೆ ಅದೇ ಅಪರಾಧಕ್ಕೆ ಎರಡನೇ ಸಲ ವಿಚಾರಣೆ ಇಲ್ಲ. ಖುಲಾಸೆ ಎಂಬ ಪದ ಸಲ್ಲಬೇಕಾದದ್ದು ಇದಕ್ಕೆ ಮಾತ್ರ. ಕ್ವಾಷ್ ಎಂದರೆ ಹೈಕೋರ್ಟು ಕೇಸನ್ನೇ ರದ್ದು ಮಾಡುವುದು. ಪೊಲೀಸರು ಹಾಕುವ ‘ಬಿ ರಿಪೋರ್ಟ್’ ಇದ್ಯಾವುದೂ ಅಲ್ಲ. ಅದು ತನಿಖಾಧಿಕಾರಿಯ ಅಭಿಪ್ರಾಯ, ದೂರುದಾರರು ತಕರಾರು ಅರ್ಜಿ ಹಾಕಬಹುದು, ಮ್ಯಾಜಿಸ್ಟ್ರೇಟರು ಒಪ್ಪದೆಯೂ ಇರಬಹುದು. ಅದಕ್ಕೆ ‘ಕ್ಲೀನ್ ಚಿಟ್’ ಎಂದು ಬರೆಯುವವರಿಗೆ ನಾನು ಕೇಳುವುದು ಒಂದೇ: ಆ ಚೀಟಿ ಕೊಟ್ಟವರು ಯಾರು?

ಕರ್ನಾಟಕಕ್ಕೆ ನೇರ ಸಂಬಂಧಪಟ್ಟ ಇನ್ನೊಂದು ಪದ ಅಬೇಟ್. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿನಲ್ಲಿ ನಡೆಯಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ ದೋಷಿ ಎಂದಿತು, 2015ರ ಮೇ 11ರಂದು ನಮ್ಮ ಹೈಕೋರ್ಟು ಖುಲಾಸೆ ಮಾಡಿತು. ಕರ್ನಾಟಕ ಸರ್ಕಾರ ಮೇಲ್ಮನವಿ ಹೋಯಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಆ ಖುಲಾಸೆಯನ್ನು ರದ್ದು ಮಾಡಿದಾಗ ಜಯಲಲಿತಾ ಬದುಕಿರಲಿಲ್ಲ, ಹಿಂದಿನ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಉಳಿದ ಮೂವರು ಪರಪ್ಪನ ಅಗ್ರಹಾರಕ್ಕೆ ಹೋದರು. ಜಯಲಲಿತಾ ಅವರ ಮಟ್ಟಿಗೆ ಮೇಲ್ಮನವಿ ‘ಅಬೇಟ್’ ಆಯಿತು ಎಂದು ಆದೇಶದಲ್ಲಿದೆ. ಅಂದರೆ ಆರೋಪ ಎದುರಿಸಬೇಕಾದವರೇ ಇಲ್ಲದ್ದರಿಂದ ನಡಾವಳಿ ನಿಂತಿತು. ಖುಲಾಸೆ ಅಂತಲೂ ಅಲ್ಲ, ಶಿಕ್ಷೆ ಅಂತಲೂ ಅಲ್ಲ. ಅದನ್ನು ಒಂದು ಕಡೆಗೆ ಎಳೆದು ಬರೆಯುವ ಹಕ್ಕು ಯಾವ ಡೆಸ್ಕಿಗೂ ಇಲ್ಲ.

ಜೀವಾವಧಿ ಎಂದರೆ 14 ವರ್ಷ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ ಓದಿದವರೂ ಹಾಗೇ ಹೇಳುತ್ತಾರೆ. ಲೈಫ್ ಇಂಪ್ರಿಸನ್‌ಮೆಂಟ್ ಎಂದರೆ ಉಸಿರಿರುವವರೆಗೆ ಎಂದು ಗೋಪಾಲ್ ಗೋಡ್ಸೆ ಪ್ರಕರಣದಲ್ಲಿ, 1961ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. 14 ಎಂಬ ಅಂಕಿ ಬಂದದ್ದು ರೆಮಿಷನ್ನಿನ ನಿಯಮದಿಂದ. ಮರಣದಂಡನೆಯೂ ಸಾಧ್ಯವಿದ್ದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ 14 ವರ್ಷ ಮುಗಿಯುವ ಮೊದಲು ಬಿಡುವಂತಿಲ್ಲ ಎಂದು 1978ರಲ್ಲಿ ಸೇರಿಸಿದರು. ‘ಅದಕ್ಕೆ ಮೊದಲು ಬೇಡ’ ಅಂದದ್ದನ್ನು ಜನ ‘ಅಷ್ಟಾದ ಮೇಲೆ ಬಿಡಲೇಬೇಕು’ ಎಂದು ಕೇಳಿಸಿಕೊಂಡರು. ರೆಮಿಷನ್ ಎಂದರೆ ಅದೇ ಶಿಕ್ಷೆಯ ಅವಧಿ ಇಳಿಯುವುದು, ಕಮ್ಯುಟೇಷನ್ ಎಂದರೆ ಶಿಕ್ಷೆಯ ಬಗೆಯೇ ಬದಲಾಗುವುದು, ನೇಣಿನಿಂದ ಜೀವಾವಧಿಗೆ ಬಂದ ಹಾಗೆ. ಬೆಂಗಳೂರಿನ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನು ಜೀವಾವಧಿಗೆ ಬದಲಿಸಿ, ಉಳಿದ ಆಯುಸ್ಸು ಪೂರ್ತಿ ಬಿಡುಗಡೆ ಇಲ್ಲ ಎಂದೂ ಬರೆಯಿತು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ಈ ಪದಗಳ ಅರ್ಥ ಬಹುಮಟ್ಟಿಗೆ ಹಾಗೇ ಉಳಿದಿದೆ, ಅಂಕಿಗಳು ಮಾತ್ರ ಜಾಗ ಬದಲಿಸಿವೆ. ಕೊಲೆಗೆ ಶಿಕ್ಷೆ ಹೇಳುವ 302 ಈಗ 103. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವು ತರುವ ಮಾತಿನದು. ಹಳೆಯ 304 ಕೊಲೆಯಲ್ಲದ ಹತ್ಯೆಯದು, ಹೊಸ 304 ಸ್ನ್ಯಾಚಿಂಗಿನದು, ನಮ್ಮ ಸರಗಳ್ಳತನದಂಥದ್ದು. ವಂಚಕನನ್ನು ‘420’ ಎಂದು ಬೈಯುತ್ತೇವಲ್ಲ, ಹೊಸ ಸಂಹಿತೆಯಲ್ಲಿ ಇರುವುದೇ 358 ಸೆಕ್ಷನ್ನು. 2024ರ ಜುಲೈಗೆ ಮೊದಲಿನ ಅಪರಾಧಗಳಿಗೆ ಹಳೆಯ ಅಂಕಿಗಳೇ ನಡೆಯುತ್ತಿವೆ. ಹಾಗಾಗಿ ಈಗ ಆದೇಶ ಓದುವಾಗ ಅಂಕಿಯ ಜೊತೆ ಯಾವ ಕಾನೂನು ಎಂಬುದನ್ನೂ ನೋಡಬೇಕು.

ನಿಮಗೆ ಸಂಬಂಧಪಟ್ಟ ಕೇಸಿದ್ದರೆ ಪತ್ರಿಕೆಯನ್ನೇ ನಂಬಿ ಕೂರಬೇಕಿಲ್ಲ. ಪ್ರತಿ ಪ್ರಕರಣಕ್ಕೂ 16 ಅಕ್ಷರ ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ ಕೆಎ ಎಂದು ಶುರುವಾಗುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಅದನ್ನು ಹಾಕಿದರೆ ಮೊಬೈಲಿನಲ್ಲೇ ಸ್ಥಿತಿ ಸಿಗುತ್ತದೆ. ಅಲ್ಲಿ ‘ಡಿಸ್ಪೋಸ್ಡ್’ ಎಂದು ಕಂಡರೆ ಕೇಸು ಆ ಕೋರ್ಟಿನಲ್ಲಿ ಮುಗಿದಿದೆ ಎಂದಷ್ಟೇ ಅರ್ಥ, ಹೇಗೆ ಮುಗಿಯಿತು ಎಂದಲ್ಲ. ವಿಲೇವಾರಿಯ ಬಗೆ ಹೇಳುವ ಸಾಲು ಬೇರೆ ಇರುತ್ತದೆ. ಅದನ್ನು ಓದಿ, ಆಮೇಲೆ ಅಂತಿಮ ಆದೇಶ ತೆರೆದು ಕೊನೆಯ ಪುಟಕ್ಕೆ ಹೋಗಿ. ‘ಆರ್ಡರ್’ ಎಂಬ ತಲೆಬರಹದ ಕೆಳಗೆ ಕೆಲವೇ ಸಾಲುಗಳಿರುತ್ತವೆ. ಇಂಗ್ಲಿಷ್ ಬಾರದವರು ವಕೀಲರ ಹತ್ತಿರ ಆ ಸಾಲುಗಳನ್ನು ಒಂದೊಂದಾಗಿ ಓದಿಸಿ ಅರ್ಥ ಹೇಳಿಸಿಕೊಳ್ಳಿ. ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲೇ ಆದೇಶ ಬರೆಯುವ ನ್ಯಾಯಾಧೀಶರೂ ಇದ್ದಾರೆ, ಅಂಥ ಆದೇಶ ಸಿಕ್ಕಿದರೆ ನೀವೇ ಓದಬಹುದು.